ಹದಿನೇಳರ ಪಾನ

ಕುರಿತೊಗಲು ಹಾಸಿ ಡಬ್ಬದಲ್ಲಿದ್ದದ್ದೆಲ್ಲ ಸುರುವಿದೆ.
ಗಾಡಿಯ ಒಂದೊಂದು ಬೋಲ್ಟಿಗೂ ಹಿಡಿದು ನೋಡಿದೆ:
ಎಂಟು, ಹತ್ತು, ಹನ್ನೆರಡು.
ಕೂತವು ಚೀಲಕ್ಕೆ, ಕೂರದವು ವಾಪಸು ಡಬ್ಬಕ್ಕೆ.

ಟೈರು ಮೀಟಲು ಸನಿಕೆ ಎರಡು ಸಾಕು,
ಮೂರನೆಯದು ನನ್ನ ಮೊಣಕಾಲು.
ಹೊಸ ಕ್ಲಚ್ ವೈರನ್ನು ಹಳೆಯದರ ಮಗ್ಗುಲಲ್ಲೇ ಎಳೆದು ಕಟ್ಟಿದ್ದೇನೆ,
ತುಂಡಾದರೆ ತುದಿ ಬದಲಿಸಿದರಾಯಿತು.
ಪಂಕ್ಚರಿನ ಅಂಟು ಒಳಂಗಿಯ ಜೇಬಿಗೆ;
ಗೋಬಿಯ ಮಾಗಿಯಲ್ಲಿ ಅದೂ ಕಲ್ಲಾಗುತ್ತದೆ.

ಸೋಪಿನ ತುಂಡು ಕಂಡು ಪುರೆವ್ ನಕ್ಕ:
ಸ್ನಾನಕ್ಕಾ?
ಟ್ಯಾಂಕು ಸೋರಿದ ದಿನ ಗೊತ್ತಾಗುತ್ತೆ, ಅಂದೆ.

ಉಳಿದದ್ದು ಹದಿನೇಳರ ಪಾನ.
ನನ್ನ ಗಾಡಿಯಲ್ಲಿ ಅದು ಹಿಡಿಯುವ ಬೋಲ್ಟೇ ಇಲ್ಲ.
ಸುಮ್ಮನೆ ಪಾವು ಕಿಲೋ ಕಬ್ಬಿಣ.

ದಿಬ್ಬದಾಚೆ ಚುಲೂನನ ಹಳೇ ರಷ್ಯನ್ ಗಾಡಿ ಇದೆಯಲ್ಲ,
ಇದಿಲ್ಲದೆ ಅದರ ಚಕ್ರ ಕಳಚದು.
ಚಳಿಗಾಲದ ಹುಲ್ಲಿಗೆ ಜಗಳವಾಗಿ
ನಮಗೂ ಅವನಿಗೂ ಎರಡು ವರ್ಷ ಮಾತಿಲ್ಲ.
ಪಾನ ಅವನದೇ.
ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ಆದರೂ ದಾರಿ ಒಂದೇ, ಇಬ್ಬರಿಗೂ.

ಎಲ್ಲ ಸುತ್ತಿ ಕಟ್ಟುವಾಗ
ಅದನ್ನು ಮೇಲೆಯೇ ಇಟ್ಟೆ, ಕೈಗೆ ಮೊದಲು ಸಿಗಲಿ ಅಂತ.
ದಾರಿಯುದ್ದಕ್ಕೂ ಗಲಗಲ ಅನ್ನದಿರಲೆಂದು
ಹಳೆಯ ಉಣ್ಣೆಯ ಕಾಲುಚೀಲ ತೊಡಿಸಿದೆ.