ಹಾಸ್ವಿಕ್‌ನಲ್ಲಿ ಎಂಟು ನಿಮಿಷ

ಟ್ರೊಮ್ಸೋ ಬಿಟ್ಟರೆ ಹಾಸ್ವಿಕ್‌ಗೆ ಮೂವತ್ತೈದು ನಿಮಿಷ.
ಏರಲು ಹನ್ನೆರಡು, ಇಳಿಯಲು ಹದಿಮೂರು,
ನಡುವೆ ಉಳಿದ ಹತ್ತು ನನ್ನವು:
ಒಂದು ಫ್ಲಾಸ್ಕು, ಒಂದರೊಳಗೊಂದು ಹೊಕ್ಕ ಕಾಗದದ ಲೋಟಗಳು,
ಮೂವತ್ತೊಂಬತ್ತು ಸೀಟು, ಎರಡು ಕೈ.

ಕೆಲಸಕ್ಕೆ ಸೇರಿದ ವಾರ ಬೆರಿತ್ ಹೇಳಿಕೊಟ್ಟಿದ್ದಳು:
ಅರ್ಧ ಲೋಟಕ್ಕಿಂತ ಮೇಲೆ ಸುರಿಯಬೇಡ,
ಉಳಿದರ್ಧ ಗಾಳಿಯ ಪಾಲು.
ಹಾಲು ಬೇಕೇ ಎಂದು ಬಾಯಲ್ಲಿ ಕೇಳಬೇಡ, ಹುಬ್ಬಲ್ಲಿ ಕೇಳು.
ಮಾತಿಗೆ ಸಿಕ್ಕೆಯೋ, ನಾಲ್ಕನೇ ಸಾಲಿಗೇ ನೆಲ ಬರುತ್ತದೆ.
ಮೊದಲೇ ನಮ್ಮ ಕಡೆಯವರು ಹೌದೆನ್ನುವುದು
ಒಳಗೆಳೆದುಕೊಂಡ ಒಂದು ಉಸಿರಿನಲ್ಲಿ;
ಪ್ರೊಪೆಲ್ಲರಿನ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು?

ಫೆಬ್ರವರಿಯ ಆ ಗುರುವಾರ ಎರಡು ಸಾಲು ಮುಗಿಸಿದ್ದೆ.
ಪಡುವಣ ಗಾಳಿ ಕೆಳಗಿನಿಂದ ಒಮ್ಮೆ ಎತ್ತಿ ಹಾಕಿತು.
ಸ್ಟೀನಾರ್ ಎರಡು ಸಲ ಗಂಟೆ ಒತ್ತಿದ. ಅಂದರೆ
ಬಿಸಿಯದೇನೂ ಬೇಡ, ಹೋಗಿ ಕೂತುಕೋ.

ಏಳನೇ ಸಾಲಿನಲ್ಲಿ ಓಡ್ಮುಂಡ್,
ವಿಮಾನ ಏರುತ್ತಿದ್ದಾಗಲೇ ಮುಂದಿನ ಹಲಗೆ ಬಿಚ್ಚಿ
ಅಂಗೈಯಿಂದ ಸವರಿ ಸವರಿ ಕಾದವನು.
ಮೊಣಕೈ ಮಡಿಕೆಯಲ್ಲಿ ಹತ್ತಿ, ಅದರ ಮೇಲೆ ಅಂಟುಪಟ್ಟಿ,
ಮಣಿಕಟ್ಟಿನಲ್ಲಿ ಆಸ್ಪತ್ರೆಯ ಹೆಸರು.
ಪರೀಕ್ಷೆಗೆಂದು ನಿನ್ನೆ ಸಂಜೆಯಿಂದ
ಏನೂ ತಿಂದಿಲ್ಲವೆಂದು ಮೆಟ್ಟಿಲ ಬಳಿ ಯಾರಿಗೋ ಹೇಳುತ್ತಿದ್ದ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ,
ಇವನಿಗೆ ಕೈವರೆಗೂ ಬರಲಿಲ್ಲ.
ಹಲಗೆ ಮಡಚಿದ. ಸದ್ದಾಗದ ಹಾಗೆ.

ಪ್ರಯಾಣಿಕರಿಗೆ ಎದುರಾದ ನನ್ನ ಪುಟ್ಟ ಸೀಟಿನಲ್ಲಿ
ಫ್ಲಾಸ್ಕನ್ನು ಮಂಡಿಗಳ ನಡುವೆ ಅವುಚಿ ಕೂತೆ.
ಹಸುಗೂಸಿನಷ್ಟು ಬೆಚ್ಚಗಿತ್ತು.
ಎಲ್ಲರೂ ಅದನ್ನೇ ನೋಡುತ್ತಿದ್ದರು.
ಊಟದ ಮನೆಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ
ಅತ್ತೆಯ ಹಾಗೆ ಕಂಡಿರಬೇಕು ನಾನು.

ಹಾಸ್ವಿಕ್. ಗಾಲಿ ನೆಲ ಮುಟ್ಟಿ, ನೆಗೆದು, ಮತ್ತೆ ಮುಟ್ಟಿತು.
ಪ್ರೊಪೆಲ್ಲರುಗಳು ನಿಂತವು. ಏಳು ಜನ ಇಳಿದರು,
ಮೂವರು ಹತ್ತಬೇಕು, ಅಂಚೆಯ ಚೀಲ ಬದಲಾಗಬೇಕು.
ಮುಂದಕ್ಕೆ ಹೋಗುವವರು ಕೂತಲ್ಲೇ ಕೂತಿರಬೇಕು. ಎಂಟು ನಿಮಿಷ.
ಈ ಎಂಟು ನಿಮಿಷಕ್ಕೆ ಬೆರಿತ್ ಏನೂ ಹೇಳಿಕೊಟ್ಟಿರಲಿಲ್ಲ.

ಎದ್ದೆ. ಮೂರನೇ ಸಾಲಿನಿಂದ ಸುರಿದೆ.
ಅಂಚಿನವರೆಗೂ ಸುರಿದೆ, ಗಾಳಿಗೆ ಪಾಲು ಕೊಡದೆ.
ತೆರೆದ ಬಾಗಿಲಿನಿಂದ ಮೈನಸ್ ಹನ್ನೊಂದರ ಚಳಿ ಒಳಬಂತು;
ಲೋಟಗಳ ಹಬೆಯೆಲ್ಲ ಒಮ್ಮೆಗೇ ಹಿಂದಕ್ಕೆ ಬಾಗಿತು.
"ಹೋಟೆಲಿಗೆ ಬರಲು ವಿಮಾನ ಹತ್ತಿದ ಹಾಗಾಯಿತು" ಎಂದಳು
ಐದನೇ ಸಾಲಿನ ದಪ್ಪ ಕೋಟಿನ ಟೀಚರು.
ಅಪರಿಚಿತರು ಒಬ್ಬರಿಗೊಬ್ಬರು ಸಕ್ಕರೆ ದಾಟಿಸಿದರು.

ಓಡ್ಮುಂಡ್‌ನ ಹಲಗೆ ಮತ್ತೆ ಇಳಿದಿತ್ತು.
"ಹಾಲಿಲ್ಲದೆ?" ಎಂದೆ, ಬಾಯಲ್ಲೇ.
ಅವನು ಉಸಿರನ್ನು ಒಳಗೆಳೆದುಕೊಂಡ.
ಆರು ವರ್ಷ ಈ ನಡುದಾರಿಯಲ್ಲಿ ಓಡಾಡಿ
ಅದನ್ನು ತುಟಿಯಲ್ಲಿ ಕಂಡಿದ್ದೆ;
ಕಿವಿಯಲ್ಲಿ ಕೇಳಿದ್ದು ಅವತ್ತು.

ಎಂಟಾಯಿತು. ಕಪ್ಪು ಚೀಲ ಹಿಡಿದು ಲೋಟ ಬೇಡುತ್ತ ಬಂದೆ.
ಅವನದು ಟೊಪ್ಪಿಗೆಯ ಅಡಿ ಇತ್ತು, ಕಾಣದ ಹಾಗೆ.
ನಾನೂ ಕಾಣದ ಹಾಗೆ ಮುಂದೆ ಹೋದೆ.

ಹಾಮ್ಮರ್‌ಫೆಸ್ಟ್‌ನಲ್ಲಿ ಇಳಿಯುವಾಗ ಕೈಗೆ ಕೊಟ್ಟ.
ಖಾಲಿ ಲೋಟ. ತಳದಲ್ಲಿ
ಹಲ್ಲಿನಿಂದ ಕಚ್ಚಿ ಹರಿದ ಆಸ್ಪತ್ರೆಯ ಪಟ್ಟಿ.
ಫಲಿತಾಂಶ ಏನೆಂದು ನಾನು ಕೇಳಲಿಲ್ಲ,
ಹಿಂದೆ ಜನ ನಿಂತಿದ್ದರು.

ಮುಂದಿನ ಊರು ಹೊನ್ನಿಂಗ್ಸ್‌ವೋಗ್. ತೀರ ಹತ್ತಿರ,
ಅಲ್ಲಿಗೆ ಏನನ್ನೂ ಕೊಡುವುದಿಲ್ಲ.
ಫ್ಲಾಸ್ಕಿನಲ್ಲಿ ಒಂದು ಲೋಟದಷ್ಟು ಉಳಿದಿತ್ತು.
ಸ್ಟೀನಾರ್‌ನನ್ನು ಬೇಕೇ ಎಂದು ಕೇಳಬೇಕಿತ್ತು.
ಕೇಳಲಿಲ್ಲ. ಬಾಗಿಲಲ್ಲಿ ನಿಂತು ಕುಡಿದುಬಿಟ್ಟೆ.