ಹೆಸರು ಹೊಲಿಯುವವನು

ಗೇಟಿನೆದುರಿನ ದರ್ಜಿ ಸಖಿದಾದ್
ಇಪ್ಪತ್ತು ವರ್ಷ ಹೆಸರು ಹೊಲಿದ,
ಎದೆಗೆ ಅಂಟಿಸುವ ಅಂಗೈಯುದ್ದದ ಪಟ್ಟಿಗೆ
ಕಪ್ಪು ನೂಲಿನಲ್ಲಿ ಪರದೇಶದ ಅಕ್ಷರ.
ಓದಲು ಬಾರದು. ಚೀಟಿ ನೋಡಿ
ಇರುವೆಸಾಲು ನಕಲಿಸಿದಂತೆ.

ಅವರು ಹೋದದ್ದು ರಾತ್ರಿ, ದೀಪ ಆರಿಸಿ.
ಜನರೇಟರಿನ ಗುಡುಗಿಲ್ಲದೆ ಕಂಗಾಲಾಗಿ
ಪರ್ವಾನಿನ ಕೋಳಿಗಳು ಹೊತ್ತಲ್ಲದ ಹೊತ್ತಲ್ಲಿ ಕೂಗಿದವು.
ಉಳಿದದ್ದು ಒಂದು ಬಿಸ್ಕತ್ತಿನ ಡಬ್ಬಿ:
ಯಾರೂ ಒಯ್ಯದ ನಲವತ್ತೊಂದು ಹೆಸರು.
ಕೂಲಿ ಬಾಕಿ.

"ಸುಡು," ಅಂದ ಅಣ್ಣ. "ತಪಾಸಣೆಗೆ ಬಂದರೆ
ಹೆಸರಿಗೊಂದು ಗುಂಡು."
ತಂದೂರಿಗೆ ಒಂದೊಂದಾಗಿ ಹಾಕಿದ.
ನೈಲಾನು ಮುರುಟಿ ಕಮರು ನಾತ;
ಅಂದಿನ ರೊಟ್ಟಿ ನಾಯಿಗೂ ಬೇಡವಾಯಿತು.

ಶಾಲೆಗೆ ಬೀಗ ಬಿದ್ದ ಮೂರನೇ ತಿಂಗಳು
ಮಗಳು ಪರಿಗುಲ್ ಗೋಡೆಗೆ ಮುಖಮಾಡಿ
ಇದ್ದಿಲಲ್ಲಿ ಬರೆಯುತ್ತಿದ್ದಳು, ಅದೇ ಇರುವೆಗಳು.
ಎಲ್ಲಿ ಕಲಿತೆ? ದರ್ಜಿಯ ದನಿ ನಡುಗಿತು.
ನಿನ್ನ ಡಬ್ಬಿಯಲ್ಲಿ, ಬಾಬಾ.
ಮೂರಕ್ಷರ ಮಾತ್ರ ಸಿಗಲಿಲ್ಲ,
ಅವು ಯಾರ ಹೆಸರಲ್ಲೂ ಇರಲಿಲ್ಲ.

ಒರೆಸಲು ಎತ್ತಿದ ಒದ್ದೆ ಬಟ್ಟೆ ಕೈಯಲ್ಲೇ.
ಹೋಗಿ ಅಗುಳಿ ಹಾಕಿ ಬಂದ.
ನನ್ನದು ಹೇಗಿರುತ್ತೆ, ಬರಿ ನೋಡೋಣ.
ಬರೆದಳು.
ಟೀ ಆರುವಷ್ಟು ಹೊತ್ತು ನೋಡಿದ.
ಒರೆಸಿದ.