ನೂಲಿನ ನಂಬರು

ಮದಲ ಕೈ ತೊಳಕೊ.
ಆಮ್ಯಾಲೆ ಮಾತು, ಆಮ್ಯಾಲೆ ಬಂಗಾರ.
ಬೆಟಗೇರಿಯ ಈ ಓಣ್ಯಾಗ ನಮ್ಮ ಮಾವ ಕಾಳಪ್ಪ ಪತ್ತಾರ
ಅಳತಿ ಅಂದರ ಗುಲಗಂಜಿ ಅನ್ನಾಂವ.
ನಾ ಅಂದೆ, ಮಾವಾ, ಅದು ತೂಕ.
ತೂತಿಗೆ ತೂಕ ಇಲ್ಲ.

ಇಲ್ಲಿ ನಂಬರು ತಿರುವುಮುರುವು, ಲಕ್ಷ್ಯ ಇಡು:
ಇಪ್ಪತ್ತು ಅಂದರ ತೆಳು, ಹದಿನಾರು ಅಂದರ ದಪ್ಪ.
ಮೂರು ದಿನ ನನ್ನ ತಲಿಗೆ ಹತ್ತಲಿಲ್ಲ ಇದು.
ಮಗ್ಗಲ ಮನಿ ವಿಠ್ಠಲಸಾ
ಮಗ್ಗದ ಕುಣಿಯಿಂದ ಎದ್ದು ಬಂದು, ಚಾ ಕುಡಕೋತ ನಕ್ಕ:
"ಇಷ್ಟ ಏನ ತಂಗಿ? ನಮ್ಮ ನೂಲೂ ಹಂಗ.
ಎಂಬತ್ತರದು ಕೂದಲಾ, ಇಪ್ಪತ್ತರದು ಹಗ್ಗ.
ನಂಬರ ಏರಿದಂಗ ಎಳಿ ಸಣ್ಣ ಆಕ್ಕೈತಿ."
ಅವತ್ತಿನಿಂದ ಮೂಗಿನ ಕಡ್ಡಿ ಕೈಗೆ ಬಂತಂದರ
ನನಗ ಸೀರಿ ಸೆರಗು ನೆನಪಾಕ್ಕೈತಿ.

ಮೂಗಿಗೆ ಇಪ್ಪತ್ತು, ಭಾಳಂದರ ಹದಿನೆಂಟು.
ಕಿವೀ ಮ್ಯಾಲಿನ ಕರಕರಿ ಎಲುಬಿಗೆ ಹದಿನಾರು.
ಹೊಸಾ ತೂತಿಗೆ ಕಡ್ಡಿ ತುಸು ಉದ್ದ ಇರಲಿ,
ಬಾವು ಬರತೈತಿ, ಬಾವಿಗೂ ಕುಂದರಾಕ ಜಾಗಾ ಬೇಕು.
ಎರಡು ತಿಂಗಳು ಬಿಟ್ಟು ಬರ್ರಿ, ಗಿಡ್ಡಂದು ಹಾಕೋಣು, ಅನ್ನು.
ಬರೂದಿಲ್ಲ ಅವರು.
ತಲಿದಿಂಬಿಗೆ, ಟವೆಲ್ಲಿಗೆ, ಕೂಸಿನ ಬೆರಳಿಗೆ
ಸಿಕ್ಕೊಂಡು ಜಗ್ಗಿದ ಮ್ಯಾಲೆ ಬರತಾರ,
ಒಂದ ಕೈಲೆ ಮೂಗು ಹಿಡಕೊಂಡು.

ಗಿಲೀಟು ಬ್ಯಾಡ.
ಹಾತಲಗೇರಿ ನಾಕಾದ ಹುಸೇನಬಿ
ನಲವತ್ತು ರೂಪಾಯಿ ರಿಂಗ್ ಹಾಕ್ಕೊಂಡು
ಕಿವಿ ಬದನಿಕಾಯಿ ಮಾಡಿಕೊಂಡು ಬಂದಿದ್ಲು.
"ನಿಕಲ್ ಅಂದರ ಏನವಾ?"
ಕೆಲವರ ಚರ್ಮ ಕೆಲವು ಲೋಹದ ಜೋಡಿ ಮಾತಾಡೂದಿಲ್ಲ, ಅಂದೆ.
"ನಾನು ನಮ್ಮ ನೆಗೆಣ್ಣಿ ಇದ್ದಂಗ,"
ಅಂದ್ಲು, ನಕ್ಕೋತ, ಕೀವು ಒರಸ್ಕೋತ.
ಅಂಥವರಿಗೆ ಟೈಟಾನಿಯಂ ಕೊಡು.
ಬಣ್ಣ ಬೂದಿ, ಸ್ವಭಾವ ಎಮ್ಮಿದು, ಯಾರ ತಂಟೆಗೂ ಹೋಗೂದಿಲ್ಲ.

ನನ್ನ ಎಡಗಿವಿ ಮುಟ್ಟಿ ನೋಡು.
ಕಡಲಿಕಾಳಿನಷ್ಟು ಗಂಟು, ಸಿಕ್ತ?
ಲಗ್ನದಾಗ ಅತ್ತಿ ಬುಗುಡಿ ತಂದರು, ಅವರ ಅತ್ತಿದು.
ತಿರುಪು ಜ್ವಾಳದ ದಂಟು,
ನನ್ನ ತೂತು ಹುಲ್ಲುಕಡ್ಡಿ.
ಎಣ್ಣಿ ಹಚ್ಚಿದರು. ಒತ್ತಿದರು.
ಹೊಂದಕೋತೈತಿ, ಅಂದರು.
ಫೋಟೋದಾಗ ನಾ ನಗಾಕತ್ತೀನಿ.

ಅದಕ್ಕ ಮದಲ ಕಿವಿ ಅಳಿ.
ಓಲಿ ಕಾಯತೈತಿ, ಅದಕ್ಕೇನು ಹಸಿವು ಇಲ್ಲ, ನಿದ್ದಿ ಇಲ್ಲ.

ಹೋದ ರವಿವಾರ ಹುಲಕೋಟಿ ಹುಡುಗಿ ಬಂದಿದ್ಲು, ದ್ರಾಕ್ಷಾಯಣಿ.
ಮೂಗು ಚುಚ್ಚಿ ಹತ್ತೊಂಬತ್ತು ದಿನ.
ಪರೀಕ್ಷಾದ ಗೇಟಿನ್ಯಾಗ ಮೂಗುಬಟ್ಟು ಬಿಚ್ಚಿಸಿದರಂತ.
ಮೂರು ತಾಸಿನ ಪೇಪರು,
ಹೊರಗ ಬರೂದರಾಗ ಚರ್ಮ ಬಾಗಿಲಾ ಹಾಕ್ಕೊಂಡಿತ್ತು.
ಮುಷ್ಟ್ಯಾಗ ಹರಳು, ಇನ್ನೊಂದು ಕೈಯಾಗ ಹಾಲ್ ಟಿಕೆಟ್.
ಹಾಲ್ ಟಿಕೆಟ್ಟಿನ ಫೋಟೋದಾಗ
ಮೂಗುಬಟ್ಟು ಹಂಗ ಐತಿ, ಮಿಂಚಕೋತ.

"ಈಗ ಚುಚ್ರಿ," ಅಂದ್ಲು.
ಚುಚ್ಚಲಿಲ್ಲ. ಹಸೀ ಗಾಯದಾಗ ಹಾದಿ ಹುಡಕಬಾರದು.
ಮುಂದಿನ ಪರೀಕ್ಷೆ ಯಾವಾಗ?
"ಆಗಸ್ಟಿನ್ಯಾಗ."
ಮುಗಿಸಿಕೊಂಡು ಬಾ, ಅಂದೆ.
ಹೋಗಲಿಲ್ಲ ಆಕಿ. ಪೈರಿ ಮ್ಯಾಲೆ ಕುಂತು ಅಂದ್ಲು,
"ನಮ್ಮಾಯಿ ಕಳೇವಕ್ಕ ಹೋಗೂಮುಂದ
ಕಸಬರಿಗಿ ಕಡ್ಡಿ ಇಟಗೊಂಡಿರತಿದ್ಲು ಮೂಗಿನ್ಯಾಗ.
ಆಕಿನ್ನ ಯಾರೂ ತಪಾಸ ಮಾಡಲಿಲ್ಲ ನೋಡ್ರಿ."

ಆಗ ನಾ ಎರಡನೇ ಡ್ರಾ ತಗದೆ.
ಗಾಜಿನ ಕಡ್ಡಿ, ಇಪ್ಪತ್ತರದು, ನೀರಿನ ಬಣ್ಣ.
ಮೂಗಿನ್ಯಾಗ ಇದ್ದರ ಇದ್ದಂಗ ಇಲ್ಲ,
ತೂತಿಗೆ ಮಾತ್ರ ಗೊತ್ತು.
ಒಂದು ಬಿಳೀ ಹಾಳ್ಯಾಗ ಸುತ್ತಿ ಹೆಸರು ಬರದ ಇಟ್ಟೀನಿ.

ಅಷ್ಟೊತ್ತಿಗೆ ನಿನ್ನ ಕೈ ಕುಂತಿರತೈತಿ,
ನಾ ಇರದಿದ್ದರ ನೀನ ಚುಚ್ಚು.
ಎಡಗಡಿ ಅಂದಾಳ.
ಚುಚ್ಚೂ ಮುಂದ ಮತ್ತೊಮ್ಮೆ ಕೇಳು.